ಐದರ ಗುಳಿಗೆ, ಐವತ್ತರ ಗುಳಿಗೆ

"ಮಾತಾಡಬ್ಯಾಡ್ರಿ ಕಾಕಾ, ಮಾತಾಡಿದ್ರ ಮತ್ತ ಏರ್ತದ," ಎನ್ನುತ್ತ ನರ್ಗೀಸ ಅಂಗಳದಲ್ಲಿ ಕೂತಿದ್ದ ಶ್ರೀನಿವಾಸ ಮಾಸ್ತರರ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಯಂತ್ರ ಗುಂಯ್ ಎಂದು ಉಬ್ಬಿ, ಉಸ್ಸೆಂದು ಇಳಿದು, ನೂರಾ ಎಂಬತ್ತಾರು ತೋರಿಸಿತು.

"ಆಗಂಗಿಲ್ಲ. ಹೆಗಲು ಕೊಡೋ ಮಾತು ಬಿಡ್ರಿ."

ಒಳಗೆ ಅವಳ ಅಪ್ಪ ರಾಜಮಹ್ಮದ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಇಳಕಲ್ಲಿನ ಆ ಓಣಿಯಲ್ಲಿ ಮುಪ್ಪಿನವರೆಗೂ ಸೀರೆ ನೇಯ್ದು, ನಿನ್ನೆ ಹೊಟ್ಟೆತುಂಬ ಉಂಡು, ಮನೆಮಂದಿಯನ್ನೆಲ್ಲ ನಗಿಸಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇಂಥ ಸಾವು ಎಷ್ಟು ಜನಕ್ಕೆ ಸಿಕ್ಕೀತು? ಮಧ್ಯಾಹ್ನದ ನಮಾಜಿಗೆ ಶವ ಹೊತ್ತ ಜನಾಜಾ ಎತ್ತುವುದಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಯ ಮಾಸ್ತರರಿಗೆ ಗೆಳೆಯ ಹೋದನೆಂಬ ದುಃಖ ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ. ಅವನಿಗೆ ಹೆಗಲು ಕೊಡಲು ಬಿಡುವುದಿಲ್ಲ ಎನ್ನುತ್ತಾಳಲ್ಲ, ಆ ಸಂಕಟವೇ ದೊಡ್ಡದಾಗಿತ್ತು.

"ಮುಂಜಾನೆ ಗುಳಿಗಿ ತೊಗೊಂಡೀರೋ ಇಲ್ಲೋ?"

ಮಾಸ್ತರು ತಲೆ ತಗ್ಗಿಸಿದರು. ಹೇಗೆ ತೆಗೆದುಕೊಂಡಾರು? ದಿನಾ ಮುಂಜಾನೆ ಗೋಡೆಯಾಚೆಯಿಂದ ಅವನು "ನುಂಗಿದೇನಲೇ ಮಾಸ್ತರ?" ಎಂದು ಒದರಿದ ಮೇಲೆಯೇ ಇವರು ನುಂಗುವುದು. ಇಂದು ಒದರುವವನೇ ಇರಲಿಲ್ಲ.

ನರ್ಗೀಸ ದವಾಖಾನೆಯಲ್ಲಿ ನರ್ಸು. ಅಪ್ಪನ ಗೋಡೆಗೂಡಿನಿಂದ ಗುಳಿಗೆಯ ಪಟ್ಟಿ ತಂದಳು. "ಅಬ್ಬಾಂದು. ನಿಮಗೂ ಇದ ಗುಳಿಗಿ ಅಲ್ಲಾ?"

"ಎರಡು ಕೊಡವಾ, ಲಗೂ ಇಳೀತದ."

"ಎರಡು ನುಂಗಿ ತಲಿ ತಿರುಗಿ ಬಿದ್ರ? ಡಾಕ್ಟರಿಗೆ ಫೋನ್ ಮಾಡೇನಿ, ಒಂದ ಅಂದಾರ. ಸುಮ್ಮ ಕುಂದರ್ರಿ. ನೂರಾ ಅರವತ್ತರ ಕೆಳಗ ಬಂದ್ರ ನೋಡೋಣು." ಅವಳು ಒಳಗೆ ಮಲಗಿದ್ದ ಅಪ್ಪನ ಕಡೆ ನೋಡಿದಳು. "ಇವತ್ತ ಒಬ್ಬ ಅಪ್ಪನ್ನ ಕಳಸಾಕತ್ತೇನಿ ಕಾಕಾ. ಇಬ್ಬರನ್ನ ಕಳಸೂದು ನನ್ನ ಕಡಿಂದ ಆಗಂಗಿಲ್ಲ."

ಮಾಸ್ತರು ಒಂದೇ ನುಂಗಿದರು. ಪಕ್ಕದಲ್ಲಿ ಕೂತಿದ್ದ ನೇಕಾರ ಹನಮಂತಪ್ಪ ಆ ಗುಳಿಗೆಯ ಪಟ್ಟಿಯನ್ನು ತಿರುಗಿಸಿ ನೋಡಿದ.

"ಇದ ಗುಳಿಗಿ ಸಲುವಾಗಿ ಅಲ್ಲೇನ್ರಿ ಮಾಸ್ತರ, ಅಂವ ದವಾಖಾನ್ಯಾಗ ಜಗಳಾ ತಗದಿದ್ದು?"

*

ಇಬ್ಬರಿಗೂ ಬಿಪಿ ಬೆನ್ನುಬೆನ್ನಿಗೇ ಗಂಟುಬಿದ್ದಿತ್ತು. ಮಾಸ್ತರರ ಗುಳಿಗೆಯ ಪಟ್ಟಿಯ ಮೇಲೆ ಐವತ್ತು ಎಂಜಿ ಎಂದಿತ್ತು, ರಾಜಮಹ್ಮದನದರ ಮೇಲೆ ಐದು. ಎರಡನ್ನೂ ಜೋಡಿಸಿ ನೋಡಿದವನಿಗೆ ಮೈಯೆಲ್ಲ ಉರಿಯಿತು. ಮಾಸ್ತರರನ್ನು ಎಳೆದುಕೊಂಡೇ ದವಾಖಾನೆಗೆ ಹೋದ.

"ಡಾಕ್ಟರ ಸಾಹೇಬ್ರ, ಇಂವ ಕುರ್ಚಿ ಮ್ಯಾಲ ಕುಂತು ಪಾಠಾ ಹೇಳಿದಾಂವ, ಇವಂಗ ಐವತ್ತು. ದಿನಾ ಮಗ್ಗಾ ತುಳಿಯೋ ನನಗ ಬರೇ ಐದೇನ್ರಿ? ನನ್ನ ಬಿಪಿಗೆ ಮರ್ಯಾದಿನ ಇಲ್ಲೇನು?"

ಡಾಕ್ಟರು ನಗು ತಡೆದುಕೊಂಡರು. "ಬಿರ್ಯಾನಿಗೆ ಅಕ್ಕಿ ಎಷ್ಟು ಹಾಕ್ತೀರಿ, ಏಲಕ್ಕಿ ಎಷ್ಟು ಹಾಕ್ತೀರಿ? ಔಷಧ ಬ್ಯಾರೆ ಇದ್ರ ಅಳತಿನೂ ಬ್ಯಾರೆ. ಇದರ ಐದು ಅದರ ಐವತ್ತಕ್ಕ ಏನೂ ಕಡಿಮಿ ಇಲ್ಲ."

ಅಲ್ಲಿಂದ ಹೊರಟವನ ಗತ್ತು ನೋಡಬೇಕಿತ್ತು. "ನಾ ಏಲಕ್ಕಿ, ಮಾಸ್ತರ ಬರೇ ಅಕ್ಕಿ!" ಎಂದು ಓಣಿಗೆಲ್ಲ ಸಾರಿದ.

ಆದರೆ ಆ ಐದರ ಗುಳಿಗೆ ಅವನ ಮೈಗೆ ಒಗ್ಗಲಿಲ್ಲ. ಕಾಲು ಬಾತು ಚಪ್ಪಲಿ ಏರದಂತಾಯಿತು. ಡಾಕ್ಟರು ಅದನ್ನು ಬಿಡಿಸಿ ಮಾಸ್ತರರ ಗುಳಿಗೆಯನ್ನೇ ಬರೆದುಕೊಟ್ಟರು, ಐವತ್ತರದು. ಏಲಕ್ಕಿಯ ಮಾತನ್ನು ಅವನು ಅಲ್ಲಿಗೇ ಮರೆತ. ಅಮೀನಗಡದ ಕರದಂಟು ತರಿಸಿ ಮನೆಮನೆಗೆ ಹಂಚಿದ.

*

"ನನಗೂ ಕೊಟ್ಟಿದ್ದ," ಎಂದ ಹನಮಂತಪ್ಪ. "ಏನೋ ರಾಜಮಹ್ಮದ, ಮನ್ಯಾಗ ಲಗ್ನ ಗೊತ್ತಾತೇನು ಅಂದ್ರ, ಇಲ್ಲಲೇ, ಪ್ರಮೋಶನ್ ಆತು, ಐದರಿಂದ ಐವತ್ತಕ್ಕ ಏರಿದ್ನಿ ಅಂದ!"

ಅಂಗಳ ಗೊಳ್ಳೆಂದಿತು. ಸಾವಿನ ಮನೆಯಲ್ಲಿ ಹೀಗೆ ನಗಬಹುದೇ ಎಂದು ಒಂದಿಬ್ಬರು ಹಿರಿಯರು ಕೆಮ್ಮಿದರು. ಅಷ್ಟರಲ್ಲಿ ಒಳಗಿನಿಂದ ರಾಜಮಹ್ಮದನ ಹೆಂಡತಿ ರಂಜಾನಬಿಯ ದನಿ ಬಂತು.

"ನನ್ನ ಗುಳಿಗಿ ಯಾವ ಬಣ್ಣದ್ದಂತ ಒಂದಿನಾರ ಕೇಳಿದ್ರೇನು ಅವರು? ಮಾಸ್ತರ ನುಂಗಿದನೋ ಇಲ್ಲೋ, ಬರೇ ಅದ ಚಿಂತಿ!" ಹೇಳುತ್ತ ಹೇಳುತ್ತ ಆಕೆಯೂ ನಕ್ಕಳು, ನಗುತ್ತಲೇ ಬಿಕ್ಕಿದಳು.

ಮಾಸ್ತರರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದು ಯಾವಾಗ ಅಳುವಾಯಿತೋ ಅವರಿಗೂ ತಿಳಿಯಲಿಲ್ಲ. ಎದೆಯ ಮೇಲಿನ ಭಾರ ಮಾತ್ರ ಇಳಿದಿತ್ತು.

ಹೊತ್ತಾಯಿತೆಂದು ನರ್ಗೀಸ ಮತ್ತೆ ಪಟ್ಟಿ ಸುತ್ತಿದಳು. ಅಂಗಳದ ಮಂದಿಯೆಲ್ಲ ಉಸಿರು ಬಿಗಿಹಿಡಿದು ಯಂತ್ರವನ್ನೇ ನೋಡಿದರು.

"ನೂರಾ ಐವತ್ತೆಂಟು."

"ಸಾಕಾತು, ಏಳ್ರಿ ಕಾಕಾ," ಎಂದ ನರ್ಗೀಸಳ ತಮ್ಮ ಸಲ್ಮಾನ.

"ಓಣಿ ತಿರುವಿನ ತನಕ ಅಷ್ಟ," ಎಂದಳು ನರ್ಗೀಸ, ಮುಖ ಒರೆಸಿಕೊಳ್ಳುತ್ತ.

ಜನಾಜಾ ಎತ್ತಿದರು. ಮಾಸ್ತರು ಲಗುಬಗೆಯಿಂದ ಸಲ್ಮಾನನ ಹಿಂದೆ ಹೋಗಿ ಹೆಗಲೊಡ್ಡಿದರು. ಆದರೆ ಹೊತ್ತವರೆಲ್ಲ ಆರಡಿಯ ಆಳುಗಳು, ಮಾಸ್ತರರೋ ಗಿಡ್ಡ ಆಸಾಮಿ. ಜನಾಜಾದ ಕೋಲು ಅವರ ಹೆಗಲಿಗಿಂತ ಗೇಣು ಮೇಲೆಯೇ ಉಳಿಯಿತು. ತುದಿಗಾಲಲ್ಲಿ ನಿಂತರು, ಎಟುಕಲಿಲ್ಲ. ಬಿಪಿ ಇಳಿದರೇನು ಬಂತು, ಎತ್ತರ ಎಲ್ಲಿಂದ ತರಬೇಕು ಎಂದು ಕೈಯನ್ನಷ್ಟೇ ಮೇಲೆ ಚಾಚಿದರು.

ಸಲ್ಮಾನ ಹಿಂತಿರುಗಿ ನೋಡಿದ. ಮೊಣಕಾಲು ಬಗ್ಗಿಸಿದ. ಅವನನ್ನು ನೋಡಿ ಪಕ್ಕದವನು ಬಗ್ಗಿಸಿದ, ಮುಂದಿನವರೂ ಬಗ್ಗಿಸಿದರು. ಜನಾಜಾ ನಿಧಾನಕ್ಕೆ ತಗ್ಗಿ ಮಾಸ್ತರರ ಹೆಗಲಿಗೆ ತಾಗಿತು.

ಎತ್ತರದ ಗಂಡಸರೆಲ್ಲ ಓಣಿಯ ತಿರುವಿನವರೆಗೂ ಹಾಗೆಯೇ ಮೊಣಕಾಲು ಬಗ್ಗಿಸಿಕೊಂಡು ನಡೆದರು. ಅವರ ನಡುವೆ ಶ್ರೀನಿವಾಸ ಮಾಸ್ತರರೊಬ್ಬರೇ ನೆಟ್ಟಗೆ ನಡೆಯುತ್ತಿದ್ದರು.