ದ್ವೀಪದಲ್ಲಿ ಅಮ್ಮನ ಕಲ್ಲು

ಏನೋ ಬೆಳ್ಳಗೆ ಕಂಡಿತು, ಅಲ್ಲ, ನೊರೆ, ದೋಣಿಯ ಮೂತಿ ಮತ್ತೆ ಇಳಿಯಿತು — ಅಕ್ಕಾ, ಬಂತಾ, ಎನ್ನುತ್ತಾನೆ ತಮ್ಮ, ತೊಡೆಯ ಮೇಲೆ ಗುದ್ದಲಿ, ತಲೆ ನರೆತರೂ ಅವಸರ ಹೋಗಿಲ್ಲ ಮಹಾರಾಯನಿಗೆ, ಸುಮ್ನೆ ಕೂತ್ಕೊಳೋ, ದ್ವೀಪ ಎಲ್ಲಿಗೂ ಎದ್ದು ಹೋಗಲ್ಲ — ಹೋಗುತ್ತದೆ, ಅದಕ್ಕೇ ತಾನೆ ಬಂದದ್ದು, ದಂಡೆಯನ್ನು ಕಡಲು ಕಚ್ಚಿ ಕಚ್ಚಿ ತಿನ್ನುತ್ತಿದೆ, ಇನ್ನೊಂದು ಬಿರುಗಾಳಿ ಬಂದರೆ ಅಮ್ಮನನ್ನು ಮಣ್ಣು ಮಾಡಿದ ಜಾಗವೂ ಉಳಿಯದು ಎಂದು ದೋಣಿಯವನು ಹೇಳಿ ಕಳಿಸಿದ್ದ, ಮೂಳೆಯಾದರೂ ಸಿಕ್ಕರೆ ಊರಿಗೆ ತಂದು ಅಪ್ಪನ ಪಕ್ಕ ಮಲಗಿಸಬೇಕು. ಎಷ್ಟು ಪುಟ್ಟದು ದ್ವೀಪ, ಕವುಚಿಟ್ಟ ಬಾಣಲೆ, ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುತ್ತಿತ್ತು, ಮರವಿಲ್ಲ, ನಡುವೆ ಸಿಹಿನೀರಿನ ಒಂದೇ ಬಾವಿ, ನಮಗಿಂತ ಮುಂಚೆ ಸಿಡುಬು ಬಂದವರನ್ನು ಹಡಗಿನಿಂದ ಇಳಿಸಿ ಬಿಟ್ಟುಹೋಗುತ್ತಿದ್ದರಂತೆ, ಬಾವಿ ತೋಡಿದ್ದು ಅವರೇ, ಸಾಯಲು ಬಂದವರು ತೋಡಿದ ನೀರು ಕುಡಿದು ಬೆಳೆದೆ ನಾನು, ಆಮೇಲೆ ದೀಪಸ್ತಂಭ ಬಂತು, ಅಪ್ಪ ಅದರ ಕಾವಲಿಗೆ, ತಮ್ಮ ಹುಟ್ಟುವಾಗ ಕಡಲೆದ್ದು ಸೂಲಗಿತ್ತಿಯ ದೋಣಿ ಬರಲಿಲ್ಲ, ಅಮ್ಮ ಉಳಿಯಲಿಲ್ಲ, ದೀಪಸ್ತಂಭಕ್ಕೆ ಬಳಿದು ಮಿಕ್ಕ ಸುಣ್ಣವನ್ನು ಅಪ್ಪ ಅವಳ ತಲೆದೆಸೆಯ ಕಲ್ಲಿಗೆ ಬಳಿದ, ಹೆಸರು ಕೆತ್ತಲಿಲ್ಲ, ಯಾಕೆ ಕೆತ್ತಬೇಕು, ಕರಿ ಬಂಡೆಗಳ ದ್ವೀಪದಲ್ಲಿ ಬಿಳಿ ಕಲ್ಲು ಅದೊಂದೇ, ದೋಣಿಯವರು ಅದನ್ನು ದಡ ಹಿಡಿಯುವ ಗುರುತು ಅಂದುಕೊಂಡರು, ಅಮ್ಮನನ್ನು ನೋಡಿಕೊಂಡೇ ಚುಕ್ಕಾಣಿ ತಿರುಗಿಸುತ್ತಿದ್ದರು, ಅಪ್ಪ ತಿದ್ದಲಿಲ್ಲ, ಇರ್ಲಿ ಬಿಡೇ, ನಾಲ್ಕು ಜನ ಅವಳನ್ನ ನೋಡ್ಕೊಂಡು ಬರ್ಲಿ, ಅಂದ. ದೀಪ ತಾನಾಗಿಯೇ ಹತ್ತುವಂತಾದ ಮೇಲೆ ನಮ್ಮನ್ನು ಅಲ್ಲಿಂದ ಎಬ್ಬಿಸಿದರು, ತಮ್ಮ ಆಗಿನ್ನೂ ಕಂಕುಳ ಕೂಸು, ಅಮ್ಮನ ಫೋಟೋ ಒಂದೂ ಇಲ್ಲ, ಅವನಿಗೆ ಅಮ್ಮ ಎಂದರೆ ನಾನು ಹೇಳಿದ ಕಲ್ಲು, ಅಷ್ಟೆ.

ದೋಣಿ ತಳ ತಾಗಿತು, ವಾಸನೆ, ಕಣ್ಣು ಉರಿಸುವ ವಾಸನೆ, ಹಕ್ಕಿಗಳು, ಅಯ್ಯೋ ಎಷ್ಟೊಂದು ಹಕ್ಕಿಗಳು, ಏಳುತ್ತವೆ, ಮತ್ತೆ ಕೂರುತ್ತವೆ, ನಾವು ಬಿಟ್ಟ ಮೇಲೆ ಇವುಗಳದ್ದೇ ಸಂಸಾರ, ತಮ್ಮ ಆಗಲೇ ಇಳಿದಿದ್ದಾನೆ, ಅಕ್ಕಾ ಯಾವ್ದು, ಬೇಗ ತೋರ್ಸು, ನೀರು ಏರೋದ್ರೊಳಗೆ ಅಗೀಬೇಕಂತೆ — ತಾಳೋ, ಬಾವಿಯಿಂದ ಎಡಕ್ಕೆ, ಬಾವಿ ಎಲ್ಲಿ, ಕುಸಿದಿದೆ, ದಂಡೆಯ ಆಕಾರವೇ ಬೇರೆ, ಕರಿ ಬಂಡೆಗಳೆಲ್ಲ ಎಲ್ಲಿ ಹೋದವು, ಇಷ್ಟು ವರ್ಷದ ಹಕ್ಕಿ ಹಿಕ್ಕೆ, ತುದಿಯಿಂದ ತುದಿಗೆ ಸುಣ್ಣ ಬಳಿದಿಟ್ಟಂತೆ, ದೇವರೇ, ಅಮ್ಮ ಇಲ್ಲೇ ಇದ್ದಾಳೆ, ನನಗೆ ಗೊತ್ತಾಗುತ್ತಿಲ್ಲ — ಹೇಳೇ ಅಕ್ಕಾ, ನಿಂಗೊಬ್ಬಳಿಗೇ ಗೊತ್ತಿರೋದು — ಗುದ್ದಲಿ ಎತ್ತಿ ಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದಾನೆ, ಬೆರಳು ತಾನಾಗಿಯೇ ಏಳುತ್ತಿದೆ, ಬಿಳಿ ಕಲ್ಲು, ಅದರ ಪಕ್ಕ ಬಿಳಿ ಕಲ್ಲು, ಅದರಾಚೆ ಬಿಳಿ ಕಲ್ಲು, ಬಿಳಿ ಕಲ್ಲು