ಚಿಗರೆಯ ಅರ್ಜಿ

ಬೆಟ್ಟ ಹತ್ತಿಸುವ ಗೈಡ್‌ಗಳನ್ನು ತಯಾರು ಮಾಡುವ ಕಾಲೇಜೊಂದು ಇದೆ ಎಂದು ಅವಳಿಗೆ ಗೊತ್ತಾದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಅರ್ಜಿ ಹಾಕಲು ಇದ್ದ ವಯಸ್ಸಿನ ಮಿತಿಯೂ ಇಪ್ಪತ್ತೇಳೇ.

ಹೇಳಿದವರು ಅವಳಿಗೆ ಶಾಲೆಯಲ್ಲಿ ಕಲಿಸಿದ್ದ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಪ್ರತಿ ಭಾನುವಾರ ಏಳೆಂಟು ಜನರನ್ನು ಕಟ್ಟಿಕೊಂಡು ಊರಾಚೆಯ ಬೆಟ್ಟಗಳನ್ನು ಸುತ್ತುತ್ತಿದ್ದರು. ಆ ಗುಂಪಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ಇವಳು. ಏರು ಕಂಡರೆ ಸಾಕು, ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅವಳಿಗೆ ಚಿಗರೆ ಎಂದು ಹೆಸರಿಟ್ಟವರೂ ಮೇಷ್ಟ್ರೇ.

"ಎರಡು ವರ್ಷದ ಕೋರ್ಸು. ಹಗ್ಗದ ಕೆಲಸ, ಹೊಳೆ ದಾಟಿಸೋದು, ನಕ್ಷೆ ಓದೋದು, ಗಾಯಕ್ಕೆ ಪಟ್ಟಿ ಕಟ್ಟೋದು, ಎಲ್ಲಾ ಕಲಿಸ್ತಾರೆ. ಆಮೇಲೆ ಜನರನ್ನ ಕರ್ಕೊಂಡು ಬೆಟ್ಟ ಸುತ್ತೋದೇ ನೌಕರಿ. ನಿನಗೆ ಅಂತಾನೇ ಮಾಡಿದ ಹಾಗಿದೆ ನೋಡು," ಎಂದು ಮೇಷ್ಟ್ರು ಪತ್ರಿಕೆಯಿಂದ ಕತ್ತರಿಸಿ ತಂದ ಜಾಹೀರಾತನ್ನು ಅವಳ ಕೈಗಿಟ್ಟರು.

ಅವಳು ಒಂಬತ್ತು ವರ್ಷದಿಂದ ಬ್ಯಾಗಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಟ್ಟ ಹತ್ತುವವರು ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಬ್ಯಾಗುಗಳಿಗೆ ಭುಜದ ಪಟ್ಟಿ ಹೊಲಿಯುವುದು ಅವಳ ಪಾಲಿನ ಕೆಲಸ. ಎಡಕ್ಕೆ ಅವಳದರಂಥವೇ ಇಪ್ಪತ್ತು ಹೊಲಿಗೆ ಮಷೀನು, ಬಲಕ್ಕೆ ಒಂದೇ ಮಾರು ದೂರದಲ್ಲಿ ಲೋಹದ ರಿವೆಟ್ ಹೊಡೆಯುವ ಯಂತ್ರ. ಅದು ಬೆಳಿಗ್ಗೆ ಎಂಟಕ್ಕೆ ಹೊಡೆಯಲು ಶುರುಮಾಡಿದರೆ ನಿಲ್ಲುತ್ತಿದ್ದದ್ದು ಊಟಕ್ಕೆ ಮಾತ್ರ. ಆ ಸದ್ದಿಗೆ ಮೊದಲ ವಾರ ತಲೆ ಸಿಡಿಯುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ ಎಂದು ಹಳಬರು ಹೇಳಿದ್ದರು. ಹಾಗೆಯೇ ಆಗಿತ್ತು.

ತಂದೆತಾಯಿ ಇಲ್ಲದ ಅವಳು ಅಣ್ಣ ಅತ್ತಿಗೆಯ ಜೊತೆಗಿದ್ದಳು. ಅಣ್ಣ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಕೂರಿಸುವವನು. ಜಾಹೀರಾತನ್ನು ಎರಡೆರಡು ಸಲ ಓದಿ, "ಬೆಟ್ಟ ಹತ್ತೋಕೂ ಕಾಲೇಜಾ? ಇಳಿಯೋಕೆ ಬೇರೆ ಕಾಲೇಜು ಇರ್ಬೇಕು," ಎಂದ.

"ನಿಮ್ಮ ತಮಾಷೆ ಸಾಕು. ಅರ್ಜಿ ತುಂಬ್ಲಿ ಅವಳು," ಎಂದಳು ಅತ್ತಿಗೆ. ಅವಳು ಶಾಲೆಯೊಂದರ ಗ್ರಂಥಾಲಯದಲ್ಲಿ ಗುಮಾಸ್ತೆ. ಕಾಗದಪತ್ರವೆಂದರೆ ಅವಳಿಗೆ ಹುರುಪು.

ಅರ್ಜಿಯ ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಟ್ಟು, ನೀವು ಯಾಕೆ ಗೈಡ್ ಆಗಬೇಕು ಎಂದು ಕೇಳಿದ್ದರು. ತನಗೆ ಬೆಟ್ಟವೆಂದರೆ ಪ್ರಾಣ ಎಂದು ಅವಳು ಬರೆದಳು. ಅತ್ತಿಗೆ ಓದಿ ಮೂಗು ಮುರಿದಳು. "ಇದನ್ನ ಯಾರು ಬೇಕಾದ್ರೂ ಬರೀತಾರೆ ಕಣೇ. ನೀನು ಮಾತ್ರ ಬರೆಯೋ ಅಂಥದ್ದು ಏನಾದ್ರೂ ಬರಿ."

ನಾಲ್ಕನೆಯ ಸಲ ಅವಳು ಒಂದು ಘಟನೆ ಬರೆದಳು. ಹೋದ ವರ್ಷ ಮೇಷ್ಟ್ರ ಗುಂಪಿನಲ್ಲಿ ಬಂದಿದ್ದ ಹೆಂಗಸೊಬ್ಬಳು ಬಂಡೆಯ ಅಂಚಿನಲ್ಲಿ ಹೆದರಿ ಕೂತುಬಿಟ್ಟಿದ್ದಳು. ಮೇಲಕ್ಕೂ ಬರಲೊಲ್ಲಳು, ಕೆಳಕ್ಕೂ ಇಳಿಯಲೊಲ್ಲಳು. ಎಲ್ಲರೂ ಧೈರ್ಯ ಹೇಳಿ ಸೋತರು. ಇವಳು ಏನೂ ಹೇಳದೆ ಪಕ್ಕದಲ್ಲಿ ಕೂತು, ಆ ಹೆಂಗಸಿನ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಸಡಿಲವಾಯಿತೆಂದು ಇನ್ನೊಮ್ಮೆ ಬಿಚ್ಚಿ ಕಟ್ಟಿದಳು. ಮೂರನೆಯ ಸಲ ಬಿಚ್ಚಲು ಹೋದಾಗ ಆ ಹೆಂಗಸು ನಕ್ಕು, "ಸಾಕು ಬಿಡಮ್ಮ, ಇಳೀತೀನಿ," ಎಂದು ಎದ್ದಳು.

ಹದಿನೈದು ದಿನಕ್ಕೆ ಕಾಲೇಜಿನಿಂದ ಪತ್ರ ಬಂತು. ವೈದ್ಯರ ಪ್ರಮಾಣಪತ್ರ ಕಳಿಸಿ, ಮೂರು ದಿನದ ಆಯ್ಕೆ ಶಿಬಿರಕ್ಕೆ ಬನ್ನಿ ಎಂದಿತ್ತು.

ವೈದ್ಯರು ಎದೆ, ಕಣ್ಣು, ಮಂಡಿ ಎಲ್ಲ ನೋಡಿ, ಕಡೆಗೆ ಕಿವಿ ಪರೀಕ್ಷೆಗೆ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ತಲೆಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಗುಂಯ್ ಎಂಬ ಸದ್ದು ನಾಲ್ಕೈದು ಸಲ ಬಂತು, ಒತ್ತಿದಳು. ಆಮೇಲೆ ಏನೂ ಇಲ್ಲ. ಯಂತ್ರ ಕೆಟ್ಟಿರಬೇಕೆಂದು ಕಾಯುತ್ತ ಕೂತಳು. ಬಾಗಿಲು ತೆರೆಯಿತು.

"ಮುಗೀತಮ್ಮ."

"ಇನ್ನೂ ಸರಿಯಾಗಿ ಶುರುವೇ ಆಗಿಲ್ಲವಲ್ಲ, ಡಾಕ್ಟ್ರೇ?"

ವೈದ್ಯರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಎಲ್ಲಿ ಕೆಲಸ ಮಾಡ್ತೀಯ?" ಎಂದು ಕೇಳಿದರು. ಅವಳು ಹೇಳಿದಳು. "ಮಾತು ನಿನಗೆ ಕೇಳುತ್ತೆ, ಬಸ್ಸು ಕೇಳುತ್ತೆ. ಸಣ್ಣ ಕೀಚಲು ದನಿಗಳೆಲ್ಲ ಹೋಗಿವೆ. ಎರಡೂ ಕಿವೀಲಿ. ಹಕ್ಕಿ ಕೂಗೋದು ಕೇಳ್ಸುತ್ತಾ?"

"ಈಗೀಗ ಹಕ್ಕಿಗಳೇ ಕಮ್ಮಿಯಾಗಿವೆಯಲ್ಲ," ಎಂದಳು ಅವಳು.

ಹೊರಗಿನ ಕೋಣೆಗೆ ಬಂದಾಗ ಕಿಟಕಿಯಾಚೆಯ ಮರದಲ್ಲಿ ಪುಟ್ಟ ಹಕ್ಕಿಗಳ ಹಿಂಡೇ ಕೂತಿತ್ತು. ಅವುಗಳ ಕೊಕ್ಕು ತೆರೆದು ಮುಚ್ಚುವುದು ಅವಳಿಗೆ ಕಂಡಿತು. ಕಳೆದುಹೋದದ್ದು ತಿರುಗಿ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದರು ವೈದ್ಯರು. ಇರುವುದನ್ನಾದರೂ ಉಳಿಸಿಕೊ ಎಂದರು. ಪ್ರಮಾಣಪತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದು, ಕೆಳಗೆ ಶಿಬಿರದಲ್ಲಿ ಪರೀಕ್ಷಿಸಿ ನೋಡಬಹುದು ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದರು.

ಆ ಒಂದು ಸಾಲನ್ನು ನೆಚ್ಚಿಕೊಂಡು ಅವಳು ಶಿಬಿರಕ್ಕೆ ಹೋದಳು. ಇಪ್ಪತ್ತೆರಡು ಜನ ಬಂದಿದ್ದರು, ಸೀಟು ಇದ್ದದ್ದು ಹನ್ನೆರಡು. ಆಯ್ಕೆ ಮಾಡುವವಳು ಬಿಸಿಲಿಗೆ ಮುಖ ಸುಟ್ಟುಕೊಂಡಿದ್ದ ಹಿರಿಯ ಗೈಡ್. ಮೊದಲ ದಿನ ಆಕೆ ಸೀಟಿ ಊದಿ ತೋರಿಸಿ, "ಇದು ಮೂರು ಸಲ ಕೇಳಿದ್ರೆ ಏನೇ ಮಾಡ್ತಿದ್ರೂ ಬಿಟ್ಟು ವಾಪಸ್ ಬನ್ನಿ," ಎಂದಳು. ಎದುರಿಗೇ ಊದಿದ್ದರಿಂದ ಅವಳಿಗೆ ಕೇಳಿಸಿತು. ಜೀವ ಬಂದ ಹಾಗಾಯಿತು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಹದಿನೈದು ಕಿಲೋ ಹೊತ್ತು ಮೊದಲು ಶಿಖರ ಮುಟ್ಟಿದವಳು ಅವಳು. ಕಣ್ಣು ಕಟ್ಟಿ ಹಗ್ಗ ಕೊಟ್ಟರೆ ಏಳು ಬಗೆಯ ಗಂಟು ಹಾಕಿದಳು. ದಾರಿಯಲ್ಲಿ ಒಬ್ಬನ ಬ್ಯಾಗಿನ ಪಟ್ಟಿ ಕಿತ್ತುಬಂದಾಗ ಸೂಜಿದಾರ ತೆಗೆದು ನಿಂತಲ್ಲೇ ಹೊಲಿದು ಕೊಟ್ಟಳು. ಹಿರಿಯ ಗೈಡ್ ಅದನ್ನು ಎಳೆದು ನೋಡಿ, "ಬ್ಯಾಗು ಹರಿದ್ರೂ ಇದು ಹರಿಯಲ್ಲ," ಎಂದಳು.

ಮೂರನೆಯ ದಿನ ಒಬ್ಬೊಬ್ಬರನ್ನೇ ಕಾಡಿಗೆ ಬಿಟ್ಟರು. ಕೈಯಲ್ಲಿ ನಕ್ಷೆ, ಮರಗಳಿಗೆ ಹೊಡೆದಿದ್ದ ಎರಡು ತಗಡುಗಳ ಮೇಲಿನ ಸಂಖ್ಯೆ ಹುಡುಕಿ ಬರೆದುಕೊಂಡು ಬರಬೇಕು. ಮೊದಲನೆಯ ತಗಡು ಅವಳಿಗೆ ಸಲೀಸಾಗಿ ಸಿಕ್ಕಿತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮಂಜು ಇಳಿಯಿತು. ಎದುರಿನ ಮರ ಕಾಣದಿದ್ದರೂ ಅವಳು ಹೆದರಲಿಲ್ಲ. ಹೆಜ್ಜೆ ಎಣಿಸುತ್ತ, ದಿಕ್ಸೂಚಿ ನೋಡುತ್ತ ಹೋಗಿ ಎರಡನೆಯದನ್ನೂ ಹಿಡಿದಳು. ಸಂಖ್ಯೆ ಬರೆದುಕೊಂಡು, ಖುಷಿಗೆ ಅಲ್ಲೇ ಕೂತು ಒಂದು ಬಿಸ್ಕತ್ತು ತಿಂದಳು.

ಹೆಗಲ ಮೇಲೆ ಕೈ ಬಿದ್ದಾಗ ಬೆಚ್ಚಿ ತಿರುಗಿದಳು. ಹಿರಿಯ ಗೈಡ್ ನಿಂತಿದ್ದಳು, ಹಿಂದೆ ಇಬ್ಬರು ಸಹಾಯಕರು.

"ಎರಡೂ ಸಿಕ್ಕವು ಮೇಡಂ!" ಎಂದಳು ನಗುತ್ತ. ಯಾರೂ ನಗಲಿಲ್ಲ.

"ಸೀಟಿ ಊದಿ ಐವತ್ತು ನಿಮಿಷ ಆಯ್ತು," ಎಂದಳು ಹಿರಿಯ ಗೈಡ್. "ಎಲ್ಲರೂ ವಾಪಸ್ ಬಂದ್ರು. ನಿನ್ನ ಬೆನ್ನ ಹಿಂದೆ ಮೂವತ್ತು ಹೆಜ್ಜೆ ದೂರದಿಂದ ಈಗಷ್ಟೇ ಊದಿದೆ. ನೀನು ಬಿಸ್ಕತ್ತು ತಿಂತಿದ್ದೆ."

ಸಂಜೆ ಗುಡಾರದಲ್ಲಿ ಅವಳನ್ನು ಕರೆಸಿದರು. ಅವಳು ಕೂರುವ ಮೊದಲೇ, "ಕಿವಿಗೆ ಮಷೀನ್ ಹಾಕ್ಕೋತೀನಿ, ಮೇಡಂ," ಎಂದಳು.

"ನೀರಿಗಿಳಿದಾಗ ಅದನ್ನ ತೆಗೆದಿಡ್ಬೇಕು. ಜೋರು ಗಾಳಿ ಇದ್ರೆ ಅದರಲ್ಲಿ ಗಾಳಿ ಬಿಟ್ಟು ಬೇರೇನೂ ಕೇಳಲ್ಲ." ಹಿರಿಯ ಗೈಡ್ ಒರಟಾಗಿ ಮಾತಾಡಲಿಲ್ಲ. "ನಿನ್ನ ಹಿಂದೆ ಹತ್ತು ಜನ ಇರ್ತಾರೆ. ಒಬ್ಬರು ಕಾಲು ಜಾರಿ ಕೆಳಗಿಂದ ಸೀಟಿ ಊದಿದ್ರು ಅಂದ್ಕೋ. ಏನ್ ಮಾಡ್ತೀಯ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಮುಂದೆ ಹೋಗ್ತಾ ಇರ್ತೀನಿ," ಎಂದಳು.

"ಉಳಿದಿದ್ರಲ್ಲೆಲ್ಲ ನೀನೇ ಮೊದಲು," ಎಂದಳು ಹಿರಿಯ ಗೈಡ್. "ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಹೇಳಿದೀನಿ."

ಅಣ್ಣ ಬಸ್ ನಿಲ್ದಾಣಕ್ಕೆ ಬಂದಿದ್ದ. ಅವಳ ಮುಖ ನೋಡಿಯೇ ಬ್ಯಾಗು ಇಸಿದುಕೊಂಡ. ಮನೆಯವರೆಗೂ ಒಂದೂ ತಮಾಷೆ ಮಾಡಲಿಲ್ಲ. ಬಾಗಿಲ ಹತ್ತಿರ ಬಂದ ಮೇಲೆ, "ಕಣ್ಣಾಗಿದ್ರೆ ನಾನೇ ಗಾಜು ಕೂರಿಸಿಕೊಡ್ತಿದ್ದೆ," ಎಂದ. ಚಪ್ಪಲಿ ಬಿಡುತ್ತ, "ಮುಂದಿನ ವರ್ಷ ನೋಡೋಣ ಬಿಡು," ಎಂದ.

"ಮುಂದಿನ ವರ್ಷ ನನಗೆ ಇಪ್ಪತ್ತೆಂಟು ಅಣ್ಣ."

ಸೋಮವಾರ ಅವಳು ಸೂಪರ್‌ವೈಸರ್ ಹತ್ತಿರ ಹೋಗಿ ತನ್ನನ್ನು ಪ್ಯಾಕಿಂಗ್‌ಗೆ ಹಾಕಿ ಎಂದು ಕೇಳಿದಳು. ಅಲ್ಲಿ ಸದ್ದು ಕಡಿಮೆ.

"ಪಟ್ಟಿಗೆ ನಿನ್ನಂಥ ಕೈ ಎಲ್ಲಿಂದ ತರ್ಲಿ?" ಎಂದ ಅವನು. "ಡಬ್ಬ ಕಟ್ಟೋಕೆ ಯಾರಾದ್ರೂ ಆಗ್ತಾರೆ."

"ಕಿವಿಗಾದ್ರೂ ಏನಾದ್ರೂ ಕೊಡಿ."

ಅವನು ಬೀರು ತೆಗೆದ. ಒಳಗೆ ಕಿವಿಗೆ ತುರುಕಿಕೊಳ್ಳುವ ಬಿರಡೆಗಳ ಡಬ್ಬವೊಂದು ಇತ್ತು, ಸೀಲು ಒಡೆದಿರಲಿಲ್ಲ, ಮೇಲೆ ಬೆರಳು ದಪ್ಪ ಧೂಳು. "ಇವೆ ಯಾವತ್ತಿಂದಲೋ. ಯಾರೂ ಕೇಳ್ಲೇ ಇಲ್ಲ," ಎಂದು ಒಂದು ಜೊತೆ ಕೊಟ್ಟ. ಅವಳು ಅದನ್ನು ಹಾಕಿಕೊಂಡು ಮಷೀನಿನ ಮುಂದೆ ಕೂತಳು.

ಮೂರು ವಾರ ಅವಳು ಬೆಟ್ಟದ ಕಡೆ ತಲೆ ಹಾಕದಿದ್ದಾಗ ಮೇಷ್ಟ್ರು ಮನೆಗೇ ಬಂದರು. "ಹೀಗಾಗುತ್ತೆ ಅಂತ ಗೊತ್ತಿದ್ರೆ ಆ ಕಾಗದ ಕತ್ತರಿಸ್ತಾನೇ ಇರ್ಲಿಲ್ಲ," ಎಂದರು.

"ನಿಮ್ಮದೇನು ತಪ್ಪು? ಮುಂದೆ ಹೋದ್ರೆ ನೀವು ಕರೆದಿದ್ದು ನನಗೆ ಕೇಳಲ್ಲ ಮೇಷ್ಟ್ರೇ."

"ಹಾಗಾದ್ರೆ ಹಿಂದೆ ಬಾ."

ಅವಳು ಹೋದಳು. ಎರಡು ಭಾನುವಾರ ಎಲ್ಲರ ಹಿಂದೆ, ಮುಂದಿನವರ ಹಿಮ್ಮಡಿ ನೋಡುತ್ತ ನಡೆದಳು. ಮೇಷ್ಟ್ರು ಆಗಾಗ ನಿಂತು ತಿರುಗಿ ಕೈಯೆತ್ತುತ್ತಿದ್ದರು, ಅವಳೂ ಕೈಯೆತ್ತುತ್ತಿದ್ದಳು. ಏರಿನಲ್ಲಿ ಜನ ಸುಸ್ತಾಗಿ ಕೂತಾಗ ಅವಳೂ ಕೂರಬೇಕಾಗುತ್ತಿತ್ತು.

ಮೂರನೆಯ ಭಾನುವಾರ ಗುಂಪು ಹೊರಡುವ ಹೊತ್ತು ಮೀರಿ ಎಂಟು ಗಂಟೆಯಾದರೂ ಅವಳು ಏಳಲಿಲ್ಲ. ಅತ್ತಿಗೆ ಕೋಣೆಯವರೆಗೆ ಬಂದು, ಎಬ್ಬಿಸಲೋ ಬೇಡವೋ ಎಂದು ಕೊಂಚ ಹೊತ್ತು ನಿಂತು, ಬಾಗಿಲು ಮುಂದೆ ಮಾಡಿಕೊಂಡು ಹೋದಳು.