ಹಸುವಿನ ಹಿಂಗಾಲು

ಆ ಬೆಳಿಗ್ಗೆ ಕಡಲ ಮಂಜು ಟ್ರೆವೊರಿ ಹಳ್ಳಿಯ ಮೇಲೆ ದಟ್ಟವಾಗಿ ಬಂದು ಕೂತಿತ್ತು. ಇಗರ್ಜಿಯ ಗೋಪುರ ಅರ್ಧಕ್ಕೇ ಮುಗಿದಿತ್ತು. ಉಳಿದರ್ಧವನ್ನು ದೇವರು ತನ್ನ ಬಳಿಯೇ ಇಟ್ಟುಕೊಂಡಂತಿತ್ತು.

ಅಜ್ಜಿಯ ಅಡುಗೆಮನೆಯಲ್ಲಿ ಹದಿನೇಳರ ಲವ್‌ಡೇ ನಟನೆಯ ಬಯೋಡೇಟಾ ಬರೆಯುತ್ತಿದ್ದಳು. ಬೇಸಿಗೆಯ ಸಂಚಾರಿ ನಾಟಕ ತಂಡಕ್ಕೆ ಹೊಸಬರೊಬ್ಬರನ್ನು ಆರಿಸಲು ನಿರ್ದೇಶಕಿ ಬೊಸಾಂಕೊ ಅಂದು ಊರಿಗೆ ಬರುವವರಿದ್ದರು. ಇದ್ದದ್ದು ಒಂದೇ ಸ್ಥಾನ. ಲವ್‌ಡೇಗೆ ಅದು ಬೇಕೇ ಬೇಕಿತ್ತು.

ಹೆಸರು, ಎತ್ತರ, ಕಣ್ಣಿನ ಬಣ್ಣ ಸರಾಗವಾಗಿ ತುಂಬಿದವು. ‘ಅನುಭವ’ ಎಂಬಲ್ಲಿ ಪೆನ್ನು ನಿಂತಿತು. ಊರಿನ ಕ್ರಿಸ್ಮಸ್ ನಾಟಕದಲ್ಲಿ ಇಬ್ಬರು ಒಂದೇ ವೇಷದೊಳಗೆ ಸೇರಿ ಒಂದು ಹಸುವಾಗುತ್ತಾರೆ. ಮುಂದೆ ಮೀನಂಗಡಿಯ ಪಿರಾನ್. ಹಿಂದೆ, ಅವನ ಸೊಂಟ ಹಿಡಿದು ಬಗ್ಗಿಕೊಂಡು, ಲವ್‌ಡೇ.

“ಹಿಂಗಾಲು ಅಂತ ಬರೀಲಾ ಅಜ್ಜಿ?”

“ಬರಿಯಮ್ಮ. ಹಿಂಗಾಲನ್ನೂ ದೇವರೇ ಅಲ್ವಾ ಮಾಡಿದ್ದು?”

“ದೇವರು ಮಾಡಿದ, ಸರಿ. ಕೆಲಸ ಯಾರು ಕೊಡ್ತಾರೆ?”

‘ಹಸು, ಪ್ರಮುಖ ಪಾತ್ರ’ ಎಂದು ಬರೆದಳು. ಧೈರ್ಯ ಬಂತು. ‘ವಿಶೇಷ ಕೌಶಲ: ಹಸುವಿನ ಕೂಗು’ ಎಂದೂ ಸೇರಿಸಿದಳು. ಕೂಗು ಪಿರಾನನದು. ಅಜ್ಜಿ ನೋಡಿದರು, ಚಹಾ ಸೋಸಿದರು.

ಇಗರ್ಜಿಯ ಸಭಾಂಗಣದಲ್ಲಿ ಮೊದಲ ಸರದಿ ಲವ್‌ಡೇಯದು. ಅವಳು ಹಸುವಿನ ನಾಚಿಕೆಯ ಕುಣಿತ ಕುಣಿದಳು, ಹಿಂದಕ್ಕೆ ಒದ್ದಳು. ನಿರ್ದೇಶಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಕಾಲು ಚೆನ್ನಾಗಿದೆ ಮಗಳೇ. ಆದ್ರೆ ಈ ಸಲ ನಂಗೆ ಬೇಕಾಗಿರೋದು ಗಂಟಲು. ಎಲ್ಲಿ, ಕೂಗು.”

ಅಭ್ಯಾಸಬಲದಿಂದ ಲವ್‌ಡೇ ಬಗ್ಗಿಯೇ ಕೂಗಿದಳು. ಕೂದಲು ಮುಖ ಮುಚ್ಚಿತು. ಹೊರಟ ಸದ್ದಿಗೆ, ಮಂಜಿನಲ್ಲಿ ದಾರಿ ಹುಡುಕುತ್ತಿದ್ದ ಯಾವುದೋ ಹಡಗು ‘ಭೋಂ’ ಎಂದು ಮರ್ಯಾದೆಯಿಂದ ಉತ್ತರ ಕೊಟ್ಟಿತು.

“ಅದು ಹಡಗು. ನಾನು ಕೇಳಿದ್ದು ಹಸು.”

ಆಗ, ಇನ್ನೂ ಬಗ್ಗಿಯೇ ಇದ್ದ ಅವಳ ಬೆನ್ನ ಹಿಂದೆ, ಅರೆತೆರೆದ ಬಾಗಿಲಾಚೆಯಿಂದ, ಕರು ಕಳೆದುಕೊಂಡ ತಾಯಿಯಂತೆ ಒಂದು ಕೂಗು ಎದ್ದಿತು. ಪಿಯಾನೊ ಮೇಲಿನ ಬಟ್ಟಲುಗಳು ಗಲಗಲ ಎಂದವು.

“ಅಬ್ಬಾ! ಇದು ಕೂಗು ಅಂದ್ರೆ!” ನಿರ್ದೇಶಕಿ ಎದ್ದು ಬಂದು ನಾಟಕದ ಪ್ರತಿಯನ್ನು ಲವ್‌ಡೇ ಕೈಗಿಟ್ಟರು. “ಸ್ಥಾನ ನಿಂದೇ.”

ಪಿರಾನ್ ಒಳಗೆ ಬಂದ. ಕೈಯಲ್ಲಿ ಅವನದೂ ಬಯೋಡೇಟಾ.

ನಿರ್ದೇಶಕಿ ಕನ್ನಡಕ ಏರಿಸಿದರು. “ಇಲ್ಲೂ ಹಸು? ಒಂದೇ ನಾಟಕಕ್ಕೆ ಎಷ್ಟು ಹಸು ಸಾಕಿದೀರಪ್ಪ?”

“ಒಂದೇ ಮೇಡಂ.”

“ಆ ಹಸುನ ಈಗ ತಾನೇ ನೋಡಿದೆ. ಸುಳ್ಳು ಬರಿಯೋಕೆ ನಾಚಿಕೆ ಆಗಲ್ವೇನೋ?”

ಪಿರಾನನ ಕಿವಿ ಕೆಂಪಾಯಿತು. ಲವ್‌ಡೇ ಕಡೆ ನೋಡಿ, ಬಯೋಡೇಟಾ ಮಡಚಿಕೊಂಡ.

“ಯಾಕೋ ಕೂಗ್ದೆ, ಕತ್ತೆ?” ಲವ್‌ಡೇ ಪಿಸುಗುಟ್ಟಿದಳು.

“ನೀನು ಹಿಂದೆ ಬಗ್ಗಿದ್ರೆ ನಾನು ಮುಂದೆ ಕೂಗಬೇಕು ಅಲ್ವೇನೇ? ತಾನಾಗೇ ಬಂತು.”

ಅವಳಿಗೆ ನಗು ಬಂತು. ಪ್ರತಿಯನ್ನು ಎದೆಗೊತ್ತಿಕೊಂಡಳು.

“ಮೇಡಂ, ನಾನು ಹಿಂದಿನರ್ಧ,” ಎಂದಳು. “ಕೂಗಿದ್ದು ಇವನು.”

ನಿರ್ದೇಶಕಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಲವ್‌ಡೇ ಪ್ರತಿಯ ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೇರ ಮಾಡಿ, ಮೆಲ್ಲನೆ ಪಿರಾನನ ಕೈಗಿಟ್ಟಳು.